ಒಲವಿಗೆ ಸೂಜಿಮದ್ದು

ಕುಟುಂಬದವರೆಲ್ಲ ಓದುವ ಮಾಸಪತ್ರಿಕೆಯಲ್ಲಿ ಈ ವಿಷಯವನ್ನು ಎತ್ತಬಹುದೋ ಎತ್ತಬಾರದೋ ಎಂದು ನಾವು ಬಹಳ ದಿವಸ ತೂಗಿ ನೋಡಿದೆವು. ಮೊದಲು ಬರೆದ ಪ್ರತಿಯನ್ನು ಹರಿದುಹಾಕಿದ್ದೂ ಆಯಿತು. ಕೊನೆಗೆ ನಮ್ಮ ಮನೆಯವರೇ, "ಬಾಯಿ ಮುಚ್ಚಿಕೊಂಡು ಕೆಟ್ಟವರು ಊರ ತುಂಬ ಅದಾರ, ಬರೀರಿ" ಎಂದದ್ದರಿಂದ ಲೇಖನಿ ಹಿಡಿದಿದ್ದೇವೆ. ಸಭ್ಯತೆಯ ಮೇರೆಯನ್ನು ಮೀರದೆ ಬರೆಯುವದು ನಮ್ಮ ಹೊಣೆ. ಮುಖ ಸಿಂಡರಿಸದೆ ಕಡೆಯ ವರೆಗೆ ಓದುವದು ವಾಚಕರ ಕೃಪೆ. ಗಂಡಹೆಂಡಿರಲ್ಲಿ ಒಬ್ಬರಿಗೆ ದಾಂಪತ್ಯಸುಖದ ಅಭಿಲಾಷೆಯೇ ಬತ್ತಿಹೋಗುವ ಸಂಗತಿಯನ್ನೂ, ಅದಕ್ಕೆಂದು ಈಚೆಗೆ ಹೊರಟಿರುವ ಪೆಪ್ಟೈಡ್ ಎಂಬ ಸೂಜಿಮದ್ದಿನ ಸಂಗತಿಯನ್ನೂ ಇಲ್ಲಿ ಹೇಳಬೇಕಾಗಿದೆ.

ಬನಶಂಕರಿಯ ಜಾತ್ರೆ ಮುಗಿದು ಎಂಟುಹತ್ತು ದಿವಸಗಳಾಗಿದ್ದವು. ಕೆರೂರಿನ ನಮ್ಮ ಮನೆಯ ಕಟ್ಟೆಯ ಮೇಲೆ ಸಂಜೆಯ ಬೆಳಕಿನಲ್ಲಿ ಕುಳಿತು ನಾವು ಹಳೆಯ ಪುಸ್ತಕವೊಂದರ ಹರಿದ ಹಾಳೆಗಳಿಗೆ ಅಂಟು ಹಚ್ಚುತ್ತಿದ್ದೆವು. ನಮ್ಮ ಹಳೆಯ ಶಿಷ್ಯನೊಬ್ಬ ಬಂದು ಮುಂದೆ ನಿಂತ. ಪೇಟೆಯಲ್ಲಿ ಅವನದು ಅರಿವೆಯ ಅಂಗಡಿ. ಗುಳೇದಗುಡ್ಡದ ಖಣ, ಇಳಕಲ್ಲ ಸೀರೆ ಇಟ್ಟು ಮಾನದಿಂದ ಬಾಳುವೆ ಮಾಡಿಕೊಂಡಿದ್ದಾನೆ. ವಯಸ್ಸು ನಾಲ್ವತ್ತರ ಹತ್ತಿರ. ಕೂಡ್ರು ಎಂದರೆ ಕೂಡ್ರಲಿಲ್ಲ. "ಒಳಗ ಬರಲ್ಯಾ ಗುರುಗಳ?" ಎಂದ. ಒಳಗೆ ಬಂದವನು ತಾನೇ ಬಾಗಿಲು ಮುಂದೆ ಮಾಡಿ ಅಂಗಿಯ ಕಿಸೆಯಿಂದ ಒಂದು ಚಿಕ್ಕ ಗಾಜಿನ ಸೀಸೆಯನ್ನು ತೆಗೆದ. ತಳದಲ್ಲಿ ಚಿಟಿಕೆಯಷ್ಟು ಬಿಳಿಯ ಪುಡಿ ಇತ್ತು.

"ಇದರ ಮ್ಯಾಲಿನ ಇಂಗ್ಲೀಷ ಸ್ವಲ್ಪ ಓದಿ ಹೇಳ್ರಿ."

ನಾವು ಕಲಿಸಿದ್ದು ಸಂಸ್ಕೃತ, ಕನ್ನಡ. ಆದರೆ ಊರಲ್ಲಿ ಮಾಸ್ತರನಾದವನು ಸರ್ವಜ್ಞನೆಂದೇ ಲೆಕ್ಕ. ಕನ್ನಡಕ ಏರಿಸಿ ನೋಡಿದೆವು. ಪಿಟಿ-141 ಎಂದು ದಪ್ಪಕ್ಷರದಲ್ಲಿತ್ತು. ಕೆಳಗೆ ಇರುವೆಯ ಸಾಲಿನಂಥ ಅಕ್ಷರಗಳಲ್ಲಿ, ಪ್ರಯೋಗಶಾಲೆಯ ಸಂಶೋಧನೆಗೆ ಮಾತ್ರ, ಮನುಷ್ಯರ ಉಪಯೋಗಕ್ಕಲ್ಲ ಎಂಬರ್ಥದ ಮಾತಿತ್ತು. ಮಾಡಿದವರ ವಿಳಾಸವಿಲ್ಲ, ಮಾಡಿದ ದಿನಾಂಕವಿಲ್ಲ. ಮೊಬೈಲಿನಲ್ಲಿ ಜಾಹೀರಾತು ನೋಡಿ ಆರು ಸಾವಿರ ರೂಪಾಯಿ ಕಳಿಸಿ ತರಿಸಿದ್ದನಂತೆ.

"ಅಮೇರಿಕಾದ ಸರಕಾರ ಒಪ್ಪಿದ ಔಷಧ ಐತ್ರಿ ಇದು. ಇದನ್ನ ಚುಚ್ಚಿಸಿದ್ರ ಹೆಣ್ಮಕ್ಕಳಿಗೆ ಗಂಡನ ಮ್ಯಾಲಿನ ಮನಸ್ಸು ತಿರುಗಿ ಬರತೈತಂತ."

"ಯಾರಿಗೆ ಚುಚ್ಚಿಸಾಂವ?"

"ನಮ್ಮ ಮನಿಯಾಕಿಗ್ರಿ."

"ಆಕಿಗೆ ಹೇಳೀಯೇನು?"

ಅವನು ನೆಲ ನೋಡಿದ. "ಶಕ್ತಿ ಸೂಜಿ ಅಂತ ಹೇಳಾಂವ ಅದೇನ್ರಿ. ನಮ್ಮ ಓಣಿಯ ಕಂಪೌಂಡರ ಹುಡುಗ ಚುಚ್ಚತೇನಿ ಅಂದಾನ."

ನಮಗೆ ಮೈ ಉರಿದುಹೋಯಿತು. ಶಾಲೆಯಲ್ಲಿದ್ದಾಗ ಈ ಹುಡುಗನಿಗೆ ಒಂದು ಪೆಟ್ಟು ಕೊಟ್ಟವರಲ್ಲ. ಆ ಗಳಿಗೆಯಲ್ಲಿ ಕೈ ಎತ್ತುವದೊಂದು ಬಾಕಿ. ತಾಳಿ ಕಟ್ಟಿದ ಮಾತ್ರಕ್ಕೆ ಒಬ್ಬಳ ದೇಹದೊಳಗೆ ಅವಳಿಗೆ ತಿಳಿಯದ ಮದ್ದನ್ನು ಇಳಿಸುವ ಅಧಿಕಾರ ಬರುವದೇನು? ಹಾಲಿಗೆ ನೀರು ಬೆರೆಸಿದವನನ್ನು ಊರು ಕಳ್ಳನೆನ್ನುತ್ತದೆ. ಹೆಂಡತಿಯ ನೆತ್ತರಿಗೆ ಹೆಸರಿಲ್ಲದ ಪುಡಿ ಬೆರೆಸುವವನನ್ನು ಏನೆನ್ನಬೇಕು? ಇಷ್ಟನ್ನೂ ಒಂದೇ ಉಸಿರಿನಲ್ಲಿ ಆಡಿದೆವು. ಆಗ ಅವನು ಗೋಡೆಗೆ ತಲೆ ಆನಿಸಿ ಅಳಹತ್ತಿದ.

"ನಾ ಏನು ತಪ್ಪು ಮಾಡೇನ್ರಿ ಗುರುಗಳ? ಕುಡಿಯಾಂಗಿಲ್ಲ, ಹೊಡಿಯಾಂಗಿಲ್ಲ. ಆಕಿ ಗ್ವಾಡಿ ಕಡೆ ಮಾರಿ ಮಾಡಿ ಮಲಗತಾಳ. ಕೈ ಮುಟ್ಟಿದ್ರ ಬೆಚ್ಚತಾಳ. ಮೂರು ವರ್ಷ ಆತ್ರಿ."

ಎರಡು ಮಕ್ಕಳ ತಂದೆ, ಪೇಟೆಯಲ್ಲಿ ನಾಲ್ಕು ಮಂದಿ ಶೆಟ್ಟರೇ ಎಂದು ಕರೆಯುವ ಗೃಹಸ್ಥ, ನಮ್ಮ ಮುಂದೆ ಎಂಟನೆಯ ಇಯತ್ತೆಯ ಹುಡುಗನಾಗಿ ಅತ್ತ. ನಮ್ಮ ಸಿಟ್ಟು ಇಳಿಯಿತು. ಇಳಿಯಲು ಇನ್ನೊಂದು ಕಾರಣವೂ ಇತ್ತು. ಅದನ್ನು ಮುಂದೆ ಹೇಳುವೆವು. ಸೀಸೆ ನಮ್ಮ ವಶದಲ್ಲಿರಲಿ, ಹದಿನೈದು ದಿವಸ ತಡೆ ಎಂದು ಹೇಳಿ ಅವನನ್ನು ಕಳಿಸಿದೆವು.

ನಮ್ಮ ಇನ್ನೊಬ್ಬ ಶಿಷ್ಯ ಬಾಗಲಕೋಟೆಯ ನವನಗರದಲ್ಲಿ ಡಾಕ್ಟರನಾಗಿದ್ದಾನೆ. ಶಬ್ದರೂಪಗಳನ್ನು ಬಾಯಿಪಾಠ ಮಾಡಲಾರದೆ ನಮ್ಮಿಂದ ಬೈಸಿಕೊಂಡವನೇ ಈಗ ನಮಗೆ ಗುರುವಾದ. ಎರಡು ಸಂಜೆ ಅವನ ಮನೆಯಲ್ಲಿ ಕುಳಿತು ಕೇಳಿ ಬರೆದುಕೊಂಡು ಬಂದದ್ದರಲ್ಲಿ ಗೃಹಸ್ಥರಿಗೆ ಬೇಕಾದಷ್ಟನ್ನು ಇಲ್ಲಿ ಇಡುತ್ತೇವೆ.

ಪೆಪ್ಟೈಡ್ ಎಂದರೆ ಅಮೈನೋ ಆಮ್ಲಗಳೆಂಬ ಸಣ್ಣ ಸಣ್ಣ ಘಟಕಗಳು ಒಂದಕ್ಕೊಂದು ಕೂಡಿ ಆದ ಸರಣಿ. ನಮಗೆ ಕೂಡಲೆ ಸಮಾಸದ ನೆನಪಾಯಿತು. ಬಾಣಭಟ್ಟನ ಸಮಾಸದಂತೆ ನೂರಾರು ಪದ ಕೂಡಿ ಉದ್ದವಾದರೆ ಅದು ಪ್ರೋಟೀನು. ನಾಲ್ಕಾರು ಪದಗಳಲ್ಲಿ ಮುಗಿದರೆ ಪೆಪ್ಟೈಡು. ನಮ್ಮ ದೇಹವೇ ಇಂಥವುಗಳನ್ನು ಬಗೆಬಗೆಯಾಗಿ ತಯಾರಿಸಿ ಒಂದು ಅಂಗದಿಂದ ಇನ್ನೊಂದಕ್ಕೆ ಓಲೆ ಕಳಿಸುವ ಹಾಗೆ ಕಳಿಸುತ್ತಿರುತ್ತದೆ. ಮಧುಮೇಹಿಗಳೆಲ್ಲ ಬಲ್ಲ ಇನ್ಸುಲಿನ್ 51 ಅಮೈನೋ ಆಮ್ಲಗಳ ಇಂಥದೇ ಓಲೆ. 1922ರಲ್ಲಿ ಅದನ್ನು ಮೊದಲು ಒಬ್ಬ ಹುಡುಗನಿಗೆ ಚುಚ್ಚಿದರು. ಬಾಯಿಂದ ನುಂಗಿದರೆ ಹೊಟ್ಟೆ ಇವನ್ನು ಅನ್ನದಂತೆ ಅರಗಿಸಿಬಿಡುತ್ತದೆ. ಆದ್ದರಿಂದಲೇ ಬಹುಮಟ್ಟಿಗೆ ಸೂಜಿಯ ದಾರಿ.

ನಮ್ಮ ಶಿಷ್ಯ ತಂದ ಪಿಟಿ-141ಕ್ಕೆ ಔಷಧಶಾಸ್ತ್ರದ ಹೆಸರು ಬ್ರೆಮೆಲಾನೊಟೈಡ್. ಏಳು ಅಮೈನೋ ಆಮ್ಲಗಳು ಬಳೆಯಂತೆ ಸುತ್ತಿಕೊಂಡ ಪೆಪ್ಟೈಡ್ ಅದು. ಅದರ ಹುಟ್ಟು ಸ್ವಾರಸ್ಯವಾಗಿದೆ. ಅಮೇರಿಕೆಯ ಅರಿಜೋನಾ ವಿಶ್ವವಿದ್ಯಾಲಯದವರು ಹುಡುಕುತ್ತಿದ್ದದ್ದು ಒಲವಿನ ಮದ್ದನ್ನಲ್ಲ; ಬಿಳಿಯರ ಮೈಗೆ ಬಿಸಿಲಿಲ್ಲದೆಯೇ ಕಂದುಬಣ್ಣ ಬರಿಸುವ ಮದ್ದನ್ನು. (ನಮ್ಮವರು ಬೆಳ್ಳಗಾಗಲು ಡಬ್ಬಿಗಟ್ಟಲೆ ಮುಲಾಮು ಬಳಿದುಕೊಳ್ಳುತ್ತಾರೆ, ಅವರು ಕರ್ರಗಾಗಲು ಸೂಜಿ ಹುಡುಕುತ್ತಾರೆ, ಲೋಕದಲ್ಲಿ ತನ್ನ ಬಣ್ಣ ತನಗೆ ಹಿಡಿಸಿದವರು ಕಡಿಮೆ.) ಸಂಶೋಧಕರಲ್ಲೊಬ್ಬರು ಮದ್ದನ್ನು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡರು; ಪ್ರಮಾಣ ತಪ್ಪಿ ಎರಡು ಪಟ್ಟು ಹೋಯಿತು. ಬಣ್ಣದ ಮಾತಿರಲಿ, ಯೌವನದ ಲಕ್ಷಣವೊಂದು ತಾಸುಗಟ್ಟಲೆ ಬಿಡದೆ ನಿಂತು ಅವರನ್ನು ಪೇಚಿಗೆ ಸಿಕ್ಕಿಸಿತು. ಅದರ ಬೆನ್ನು ಹತ್ತಿ ಹೊರಟವರು ಆ ಪೆಪ್ಟೈಡಿನಿಂದಲೇ ಬ್ರೆಮೆಲಾನೊಟೈಡನ್ನು ರೂಪಿಸಿದರು. ಮೊದಲು ಮೂಗಿನಲ್ಲಿ ಸಿಂಪಡಿಸುವ ರೂಪದಲ್ಲಿ ಗಂಡಸರಿಗೂ ಕೊಟ್ಟು ನೋಡಿದರು. ರಕ್ತದೊತ್ತಡ ಏರುವದನ್ನು ಕಂಡು ಆ ದಾರಿಯನ್ನು ಬಿಟ್ಟರು. ಕೊನೆಗೆ 2019ರ ಜೂನಿನಲ್ಲಿ ಅಮೇರಿಕೆಯ ಔಷಧ ನಿಯಂತ್ರಣ ಇಲಾಖೆ ಅದನ್ನು ವೈಲೀಸಿ ಎಂಬ ಹೆಸರಿನಲ್ಲಿ ಒಪ್ಪಿತು.

ಒಪ್ಪಿತು ಎಂಬಷ್ಟೇ ಮಾತನ್ನು ಮಾರಾಟಗಾರರು ಹಿಡಿದುಕೊಂಡಿದ್ದಾರೆ. ಯಾರಿಗೆ ಒಪ್ಪಿತು ಎಂಬದನ್ನು ಕೇಳಬೇಕು. ಮುಟ್ಟು ನಿಲ್ಲದ ವಯಸ್ಸಿನ ಹೆಂಗಸರಿಗೆ ಮಾತ್ರ, ಗಂಡಸರಿಗಲ್ಲ. ಅವರಲ್ಲಿಯೂ, ಮೊದಲು ಅಭಿಲಾಷೆ ಇದ್ದು ಆಮೇಲೆ ಎಲ್ಲ ಸಂದರ್ಭಗಳಲ್ಲಿಯೂ ಇಲ್ಲದಂತಾಗಿರಬೇಕು. ಅದರಿಂದ ಅವಳಿಗೆ, ನೆನಪಿರಲಿ, ಅವಳಿಗೆ ಸ್ವತಃ ಸಂಕಟವಾಗಿರಬೇಕು. ಬೇರೆ ಯಾವ ರೋಗದಿಂದಲೂ, ಮನೋವ್ಯಾಧಿಯಿಂದಲೂ, ಗಂಡಹೆಂಡಿರ ವಿರಸದಿಂದಲೂ, ಬೇರೆ ಔಷಧಗಳಿಂದಲೂ ಉಂಟಾದದ್ದಾಗಿರಬಾರದು. ಗಂಡನಿಗೆ ಸಂಕಟವಾಗುತ್ತಿದೆ ಎಂಬದು ಆ ಪಟ್ಟಿಯಲ್ಲಿಯೇ ಇಲ್ಲ.

ಇನ್ನು ಫಲ. ಸುಮಾರು 1,200 ಹೆಂಗಸರ ಮೇಲೆ 24 ವಾರಗಳ ಎರಡು ಪರೀಕ್ಷೆಗಳು ನಡೆದವು. ಅರ್ಧ ಮಂದಿಗೆ ನಿಜವಾದ ಮದ್ದು, ಅರ್ಧ ಮಂದಿಗೆ ಹುಸಿಮದ್ದು. ಯಾರಿಗೆ ಯಾವದೆಂಬದು ಅವರಿಗೂ ತಿಳಿಯದು. ನಿಜವಾದ ಮದ್ದು ಪಡೆದ ನೂರರಲ್ಲಿ 25 ಮಂದಿಗೆ ಅಭಿಲಾಷೆಯ ಅಂಕ ಎದ್ದು ಕಾಣುವಷ್ಟು ಹೆಚ್ಚಿತು. ಹುಸಿಮದ್ದು ಪಡೆದ ನೂರರಲ್ಲಿ 17 ಮಂದಿಗೆ. ಕಳೆದು ನೋಡಿದರೆ ಮದ್ದಿನ ಪಾಲಿಗೆ ಉಳಿಯುವದು ನೂರಕ್ಕೆ ಎಂಟು. ತೃಪ್ತಿಕರವಾದ ಸಮಾಗಮಗಳ ಸಂಖ್ಯೆ ಎರಡೂ ಗುಂಪುಗಳಲ್ಲಿ ಬೇರೆಯಾಗಲಿಲ್ಲ. ಓಕರಿಕೆಯಾದದ್ದು ಮಾತ್ರ ನೂರಕ್ಕೆ 40 ಮಂದಿಗೆ. ಸೂಜಿ ಚುಚ್ಚಿಸಿಕೊಂಡ ಮೇಲೆ ರಕ್ತದೊತ್ತಡ ಕೆಲವು ತಾಸು ಏರಿರುತ್ತದೆ. ಹೃದ್ರೋಗವಿದ್ದವರಿಗೂ, ಹತೋಟಿಗೆ ಬಾರದ ರಕ್ತದೊತ್ತಡವಿದ್ದವರಿಗೂ ಕೊಡಲೇಕೂಡದು. ನೂರಕ್ಕೊಬ್ಬಳಿಗೆ ಮುಖ, ಒಸಡು, ಎದೆಯ ಚರ್ಮ ಕಪ್ಪಾದದ್ದುಂಟು. ಅವರಲ್ಲಿ ಸುಮಾರು ಅರ್ಧ ಮಂದಿಗೆ ಮದ್ದು ಬಿಟ್ಟ ಮೇಲೂ ಕಪ್ಪು ಹೋಗಲಿಲ್ಲ. ಪ್ರಮಾಣ 1.75 ಮಿಲಿಗ್ರಾಂ, ಸಮಾಗಮಕ್ಕೆ ಮುಕ್ಕಾಲು ತಾಸು ಮೊದಲು, ದಿವಸಕ್ಕೆ ಒಂದಕ್ಕಿಂತ ಹೆಚ್ಚಿಲ್ಲ, ತಿಂಗಳಿಗೆ ಎಂಟಕ್ಕಿಂತ ಹೆಚ್ಚಿಲ್ಲ. ನಮ್ಮ ಶಿಷ್ಯನ ಸೀಸೆಯ ಮೇಲೆ ಬರೆದದ್ದು 10 ಮಿಲಿಗ್ರಾಂ. ಒಳಗೆ ಇದ್ದದ್ದು ಏನೆಂದು ದೇವರೇ ಬಲ್ಲ. ಅಳೆದು ಚುಚ್ಚುವವನು ಕಂಪೌಂಡರ ಹುಡುಗ!

ಗಂಡಸರ ಪಾಲಿಗೆ ಏನೂ ಇಲ್ಲವೇ ಎಂದು ಕೇಳಿದೆವು. ಕಿಸ್‌ಪೆಪ್ಟಿನ್ ಎಂಬ ಇನ್ನೊಂದು ಪೆಪ್ಟೈಡಿನ ವಿಷಯ ಡಾಕ್ಟರು ಹೇಳಿದ. ಹೆಸರು ಕೇಳಿ ನಾವು ಮುತ್ತಿನ ಅರ್ಥ ಹಚ್ಚಿದ್ದೆವು. ಅದು 1996ರಲ್ಲಿ ಅಮೇರಿಕೆಯ ಹರ್ಷೀ ಎಂಬ ಊರಿನಲ್ಲಿ ಸಿಕ್ಕಿದ್ದು, ಆ ಊರಿನ ಪ್ರಸಿದ್ಧ ಮಿಠಾಯಿಯ ಹೆಸರನ್ನು ಇಟ್ಟರಂತೆ. ಹುಡುಗ ಹುಡುಗಿಯರು ಪ್ರಾಯಕ್ಕೆ ಬರಬೇಕಾದರೆ ಮಿದುಳಿನಲ್ಲಿ ಇದು ಬೇಕು. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಅಭಿಲಾಷೆ ಕುಂದಿದ 32 ಹೆಂಗಸರಿಗೂ 32 ಗಂಡಸರಿಗೂ ಇದನ್ನು ರಕ್ತನಾಳದಲ್ಲಿ ಹನಿಹನಿಯಾಗಿ ಹಾಯಿಸಿ, ಮಿದುಳಿನ ಚಿತ್ರ ತೆಗೆದು, 2022ರಲ್ಲಿಯೂ 2023ರಲ್ಲಿಯೂ ಫಲವನ್ನು ಪ್ರಕಟಿಸಿದರು. ಆಸೆಗೆ ಸಂಬಂಧಿಸಿದ ಮಿದುಳಿನ ಭಾಗಗಳಲ್ಲಿ ಬದಲಾವಣೆ ಕಂಡಿತು. ಆಶೆ ಹುಟ್ಟಿಸುವ ಸುದ್ದಿಯೇ ಸರಿ. ಆದರೆ ಅದು ಪ್ರಯೋಗ, ಅಂಗಡಿಯ ಔಷಧವಲ್ಲ. ಅದಕ್ಕೂ ಸೀಸೆ ಕಟ್ಟಿ ಮಾರುವವರು ಈಗಾಗಲೇ ಹೊರಟಿದ್ದಾರೆ.

ಇಲ್ಲಿಗೆ ಡಾಕ್ಟರನ ಪಾಠ ಮುಗಿಯಿತು. ನಮ್ಮದು ಹೇಳಬೇಕು.

ನಾವು ನಾಲ್ವತ್ತಾರು ವರ್ಷದವರಿದ್ದಾಗ ನಮಗೇ ಈ ಬರಗಾಲ ಬಂದಿತ್ತು. ಏಕೆ ಎಂದು ತಿಳಿಯದು. ಬಾವಿಯ ನೀರು ಇಳಿದಂತೆ ಇಳಿಯಿತು. ಮೊದಮೊದಲು ಶಾಲೆಯ ದಣಿವೆಂದೆವು, ಆಮೇಲೆ ವಯಸ್ಸೆಂದೆವು. ಮನೆಯವರ ಎದುರು ನಾಚಿಕೆಯಾಗಿ, ರಾತ್ರಿ ಹನ್ನೆರಡರ ವರೆಗೆ ಗ್ರಂಥ ಬಿಚ್ಚಿಕೊಂಡು ಕೂಡ್ರುವದನ್ನು ಅಭ್ಯಾಸ ಮಾಡಿದೆವು. ನಮ್ಮ ಪಾಂಡಿತ್ಯ ಆ ಎಂಟು ತಿಂಗಳಲ್ಲಿ ಬೆಳೆದಷ್ಟು ಎಂದೂ ಬೆಳೆಯಲಿಲ್ಲ. ಅವರು ಏನು ತಿಳಿದುಕೊಂಡರು? ಗರ್ಭಕೋಶ ತೆಗೆಸಿಕೊಂಡ ಮೇಲೆ ತಾವು ಗಂಡನಿಗೆ ಬೇಡಾದೆವೆಂದು. ಇದು ನಮಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ. ಒಂದೇ ಸೂರಿನ ಕೆಳಗೆ ಇಬ್ಬರು, ಇಬ್ಬರಿಗೂ ಅಪರಾಧದ ಭಾವ, ಇಬ್ಬರ ಬಾಯಿಗೂ ಬೀಗ. ಮದುವೆಯಾಗಿ ಬಂದಾಗ ಅವರ ಟ್ರಂಕಿನ ತಳದಲ್ಲಿ ಡಾ. ಅನುಪಮಾ ನಿರಂಜನರ 'ವಧುವಿಗೆ ಕಿವಿಮಾತು' ಇತ್ತು. ಹೆಂಗಸರ ಪುಸ್ತಕವೆಂದು ನಾವು ಅದನ್ನು ಮುಟ್ಟಿರಲಿಲ್ಲ. ಮುಟ್ಟಿದ್ದರೆ ಇಂಥ ಮಾತನ್ನು ಆಡುವ ಭಾಷೆಯಾದರೂ ಸಿಕ್ಕುತ್ತಿತ್ತೇನೋ.

ಆಗ ನಾವು ಮಾಡಿದ್ದನ್ನು ಬರೆಯಲು ಈಗಲೂ ಕೈ ಹಿಂದೆಗೆಯುತ್ತದೆ. ಹೆದ್ದಾರಿಯ ಗೋಡೆಗಳ ಮೇಲೆ ಸುಣ್ಣದಲ್ಲಿ ಬರೆದ ಗುಪ್ತರೋಗದ ಜಾಹೀರಾತುಗಳನ್ನು ವಾಚಕರೂ ಕಂಡಿದ್ದಾರೆ. ಇಂಥ ಸಾಮರ್ಥ್ಯದ ಮದ್ದಿನ ಜಾಹೀರಾತು ಕೊಡಕೂಡದೆಂದು 1954ರಿಂದಲೇ ಕಾಯಿದೆ ಉಂಟು. ಗೋಡೆಗಳಿಗೆ ಕಾಯಿದೆ ಓದಲು ಬಾರದು. ಅಂಥದೊಂದು ಗೋಡೆಯ ಮೇಲಿನ ವಿಳಾಸ ಹಿಡಿದು, ಗುರುತಿನವರಿಲ್ಲದ ಊರಿಗೆ ಬಸ್ಸಿನಲ್ಲಿ ಹೋಗಿ, ಲಾಡ್ಜಿನ ಕೋಣೆಯೊಂದರಲ್ಲಿ ತಿಂಗಳಿಗೊಮ್ಮೆ ಬಂದಿಳಿಯುವ ವೈದ್ಯನ ಮುಂದೆ ಕುಳಿತೆವು. ಅವನು ನಾಡಿ ಹಿಡಿದು ಕಣ್ಣು ಮುಚ್ಚಿ, ಎಳವೆಯ ತಪ್ಪಿನಿಂದ ಧಾತುವೆಲ್ಲ ಹರಿದುಹೋಗಿದೆ ಎಂದ. ರಸದಿಂದ ಶುಕ್ರದ ವರೆಗಿನ ಏಳು ಧಾತುಗಳನ್ನು ಪಾಠಶಾಲೆಯಲ್ಲಿ ಕಂಠಪಾಠ ಮಾಡಿದ ನಾವು, ಒಂದು ಶ್ಲೋಕವನ್ನೂ ತಪ್ಪಿಲ್ಲದೆ ಹೇಳಲಾರದ ಅವನ ಮುಂದೆ ತಲೆ ತಗ್ಗಿಸಿದೆವು. ಭಯಕ್ಕೆ ವ್ಯಾಕರಣ ಗೊತ್ತಾಗುವದಿಲ್ಲ. ಈ ಧಾತುನಾಶದ ಭಯದಿಂದಲೇ ಗಂಡಸರು ಸೊರಗುವದನ್ನು ಕಂಡು ಮನೋವೈದ್ಯ ಡಾ. ಎನ್. ಎನ್. ವಿಗ್ ಅವರು 1960ರಲ್ಲಿಯೇ ಅದಕ್ಕೊಂದು ಹೆಸರಿಟ್ಟರೆಂದು ಆಗ ನಮಗೆ ಯಾರೂ ಹೇಳಿರಲಿಲ್ಲ. ನಾಲ್ಕೂವರೆ ಸಾವಿರ ರೂಪಾಯಿ ಎಣಿಸಿಕೊಟ್ಟು ಒಂದು ತಗಡಿನ ಡಬ್ಬಿಯ ತುಂಬ ಭಸ್ಮ ತಂದೆವು. ಮನೆಯವರಿಗೆ ತಿಳಿಸಿದರೆ ಗುಣವಾಗದೆಂದು ಅವನ ಕಟ್ಟಪ್ಪಣೆ.

ಮೂರು ವಾರಕ್ಕೆ ಹೊಟ್ಟೆ ಉರಿ ಹತ್ತಿತು, ಬಾಯಿ ಹುಣ್ಣಾಯಿತು. ಒಂದು ದಿವಸ ಪಾಠ ಹೇಳುತ್ತಿದ್ದಾಗಲೇ ಕಣ್ಣು ಕತ್ತಲೆಗೂಡಿ ಕುರ್ಚಿ ಹಿಡಿದುಕೊಂಡೆವು. ದವಾಖಾನೆಯಲ್ಲಿ ರಕ್ತ ನೋಡಿದರೆ ಸಕ್ಕರೆ 340. ಆ ಡಾಕ್ಟರರು ವಯಸ್ಸಿನಲ್ಲಿ ನಮಗಿಂತ ಚಿಕ್ಕವರು. ಗುಳಿಗೆ ಬರೆದುಕೊಟ್ಟು, ಬಾಗಿಲು ಸರಿಸಿ ಮೆಲ್ಲನೆ, "ಮನೆಯಲ್ಲಿ ಗಂಡಹೆಂಡಿರ ಸಂಬಂಧ ಹೇಗಿದೆ ಗುರುಗಳೇ?" ಎಂದು ಕೇಳಿದರು. ಎಂಟು ತಿಂಗಳಲ್ಲಿ ಆ ಪ್ರಶ್ನೆಯನ್ನು ಕೇಳಿದ ಮೊದಲ ಮನುಷ್ಯರು ಅವರು. ಮಧುಮೇಹ ಮಾಡುವ ಅನೇಕ ಕೇಡುಗಳಲ್ಲಿ ಇದೂ ಒಂದೆಂದು ತಿಳಿಸಿದರು. ಥೈರಾಯಿಡ್ ಗ್ರಂಥಿಯ ಆಲಸ್ಯ, ರಕ್ತಹೀನತೆ, ಮನಸ್ಸಿನ ಖಿನ್ನತೆ, ಖಿನ್ನತೆಗೆಂದು ಕೊಡುವ ಕೆಲವು ಗುಳಿಗೆಗಳು, ರಕ್ತದೊತ್ತಡದ ಕೆಲವು ಗುಳಿಗೆಗಳು, ನಿದ್ರೆಗೇಡು, ಕುಡಿತ, ಮನೆಯಲ್ಲಾದ ಸಾವು, ಇವೆಲ್ಲ ಇದೇ ಕೆಲಸ ಮಾಡುತ್ತವಂತೆ. ಗಂಡಸರಲ್ಲಿ ಕೆಲವರಿಗೆ ಟೆಸ್ಟೊಸ್ಟೆರೋನ್ ಎಂಬ ರಸವೇ ಕಡಿಮೆಯಾಗಿರುವದುಂಟು; ಬೆಳಿಗ್ಗೆ ರಕ್ತ ತೆಗೆದು, ಅದೂ ಎರಡು ಸಲ ಪರೀಕ್ಷಿಸಿ, ಕಡಿಮೆಯೆಂದು ಖಾತ್ರಿಯಾದರೆ ಮಾತ್ರ ಅದನ್ನು ಕೊಡುವರು. ನಮಗೆ ಅದು ಬೇಕಾಗಲಿಲ್ಲ. ನಡಿಗೆ, ಪಥ್ಯ, ಗುಳಿಗೆ. ವರ್ಷದೊಳಗೆ ಬಾವಿಗೆ ಮತ್ತೆ ನೀರು ಬಂದಿತು. ಇಪ್ಪತ್ತೈದರ ಮಳೆಗಾಲವಲ್ಲ, ಆದರೂ ಕೊಡ ಮುಳುಗುವಷ್ಟು. ಮನೆಯವರಿಗೆ ಸಕ್ಕರೆರೋಗದ ಮಾತೆಲ್ಲವನ್ನೂ ಹೇಳಿದೆವು, ಭಸ್ಮದ ಡಬ್ಬಿಯ ಮಾತನ್ನು ಬಿಟ್ಟು.

ಗೋಡೆಗೆ ತಲೆ ಆನಿಸಿ ಅತ್ತ ಶಿಷ್ಯನ ಮೇಲೆ ನಮ್ಮ ಸಿಟ್ಟು ಏಕೆ ಇಳಿಯಿತೆಂಬದು ಈಗ ತಿಳಿದಿರಬಹುದು. ಅವನ ಸೀಸೆಗೂ ನಮ್ಮ ಡಬ್ಬಿಗೂ ಹದಿನಾಲ್ಕು ವರ್ಷಗಳ ಅಂತರವಷ್ಟೆ.

ಅಂದು ರಾತ್ರಿ ಕಪಾಟಿನಿಂದ ಚರಕಸಂಹಿತೆಯನ್ನು ಇಳಿಸಿದೆವು. ಆಯುರ್ವೇದದ ಎಂಟು ಅಂಗಗಳಲ್ಲಿ ವಾಜೀಕರಣ ಒಂದು; ವಾಜಿ ಎಂದರೆ ಕುದುರೆ, ಮಿಕ್ಕ ಅರ್ಥ ಹೇಳಬೇಕಾಗಿಲ್ಲ. ಚಿಕಿತ್ಸಾಸ್ಥಾನದ ಎರಡನೆಯ ಅಧ್ಯಾಯವೆಲ್ಲ ಅದಕ್ಕೇ ಮೀಸಲು: ಹಾಲು, ತುಪ್ಪ, ಉದ್ದು, ನಸುಗುನ್ನಿಯ ಬೀಜ. ಲಾಡ್ಜಿನ ವೈದ್ಯರೆಲ್ಲ ಈ ಅಧ್ಯಾಯದ ಹೆಸರು ಹೇಳಿ ಉಣ್ಣುತ್ತಾರೆ. ಆದರೆ ಅದೇ ಚರಕ ಸೂತ್ರಸ್ಥಾನದಲ್ಲಿ, ಯಾವ ಯಾವ ವರ್ಗದಲ್ಲಿ ಯಾವದು ಶ್ರೇಷ್ಠವೆಂದು ಎಣಿಸುತ್ತ ಬಂದು, ಇಂಥ ಮದ್ದುಗಳಿಗೆಲ್ಲ ಮನಸ್ಸಿನ ಸಂಕಲ್ಪವೇ ಮೇಲೆಂದೂ, ಸಾಮರ್ಥ್ಯವನ್ನು ಕೆಡಿಸುವವುಗಳಲ್ಲಿ ಮನಸ್ಸಿನ ಕೊರಗೇ ಮೊದಲಿನದೆಂದೂ ಹೇಳಿಬಿಟ್ಟಿದ್ದಾನೆ. ಹುಸಿಮದ್ದು ಪಡೆದ 17 ಮಂದಿಯ ಲೆಕ್ಕ ಅವನಿಗೆ ಮೊದಲೇ ತಿಳಿದಂತಿದೆ. ಒಂದು ಮಾತನ್ನು ಮಾತ್ರ ನಾವು ಹಿಂದೆಂದೂ ಗಮನಿಸಿರಲಿಲ್ಲ. ಅಧ್ಯಾಯ ಪೂರ್ತಿ ಗಂಡಸಿನ ಕಡೆಯಿಂದಲೇ ಬರೆದದ್ದು. ಮನಸ್ಸಿಗೊಪ್ಪುವ ಹೆಂಡತಿಯೇ ಉತ್ತಮವಾದ ವಾಜೀಕರಣವೆಂದು ಅವಳನ್ನೂ ಮದ್ದುಗಳ ಸಾಲಿಗೆ ಸೇರಿಸಿದೆ. ಅವಳಿಗೇ ಅಭಿಲಾಷೆ ಬತ್ತಿದರೆ ಏನೆಂಬ ಪ್ರಶ್ನೆ ಅಲ್ಲಿ ಏಳುವದೇ ಇಲ್ಲ. ಓಕರಿಕೆ ತರುವ ಈ ಏಳು ಮಣಿಯ ಬಳೆಯ ಮೇಲೆ ನಮಗೆ ದೊಡ್ಡ ಭರವಸೆಯಿಲ್ಲವಾದರೂ, ಅದನ್ನು ಪರೀಕ್ಷಿಸಿದವರು ಹೆಂಗಸಿಗೆ 'ನಿನಗೆ ಸಂಕಟವಿದೆಯೇ' ಎಂದು ಮೊದಲು ಕೇಳಿದರಲ್ಲ, ಅದಕ್ಕೆ ನಮಸ್ಕಾರ.

ಮಾಸ್ತರರಾಗಿ ನಾವೇನು ಕಲಿಸಿದೆವು? ವರ್ಷವರ್ಷವೂ ಹುಡುಗರನ್ನು ಬಾದಾಮಿಯ ಗುಹೆಗಳಿಗೆ ಕರೆದೊಯ್ಯುತ್ತಿದ್ದೆವು. 578ರಲ್ಲಿ ಮಂಗಳೇಶ ಮಾಡಿಸಿದ ಮೂರನೆಯ ಗುಹೆಯ ಕಂಬಗಳ ಮೇಲೆ, ಗಿಡದ ನೆಳಲಿನಲ್ಲಿ ಒಬ್ಬರನ್ನೊಬ್ಬರು ಆತು ನಿಂತ ಗಂಡುಹೆಣ್ಣುಗಳ ಎಷ್ಟೊಂದು ಜೋಡಿಗಳಿವೆ! ಅವು ಕಣ್ಣಿಗೆ ಬೀಳಬಾರದೆಂದು ಹುಡುಗರ ತಲೆಗಳನ್ನು ನಾವು ವರಾಹನ ಕಡೆಗೂ ತ್ರಿವಿಕ್ರಮನ ಕಡೆಗೂ ತಿರುಗಿಸುತ್ತಿದ್ದೆವು. ಇದೇ ಶಿಷ್ಯ ಒಂದು ಸಲ ಮೇಲೆ ನೋಡಿ, "ಇವರ್ಯಾರ್ರಿ?" ಎಂದು ಕೇಳಿದ್ದು ನೆನಪಿದೆ. "ಗಂಧರ್ವರು, ನಡಿ ಮುಂದ" ಎಂದೆವು. ಗಂಡಹೆಂಡಿರು ಎಂದಿದ್ದರೆ ಸಾಕಾಗಿತ್ತು.

ಹದಿನೈದು ದಿವಸದ ಅವಧಿಯಲ್ಲಿ ನಮ್ಮ ಮನೆಯವರು ಅವನ ಮನೆಗೆ ಖಣ ನೋಡುವ ನೆವದಿಂದ ಎರಡು ಸಲ ಹೋಗಿಬಂದರು. ಮೊದಲನೆಯ ಸಲ ಅತ್ತೆ ಎದುರಿಗೇ ಕುಳಿತಿದ್ದಳು. ಖಣವನ್ನಷ್ಟೇ ನೋಡಿ ಬಂದರು. ಎರಡನೆಯ ಸಲ ಆ ಹೆಣ್ಣುಮಗಳು ಹಿತ್ತಲಿನಲ್ಲಿ ಒಬ್ಬಳೇ ಸಿಕ್ಕಳು. ಬಂದು ನಮ್ಮ ಮುಂದೆ ಚಾಪೆಯ ಮೇಲೆ ಕುಳಿತು ನಮ್ಮವರು ಹೇಳಿದ್ದಿಷ್ಟು:

"ಎರಡನೇ ಹಡಿಗಿ ಆದಾಗ ಹೊಲಿಗೆ ಹಾಕಿದ್ದರಂತ. ಆ ಜಾಗ ಇವತ್ತಿಗೂ ನೋಯತೈತಂತ. ಗಂಡ ಹತ್ತರ ಬಂದ್ರ ಜೀವ ಹೋದಂಗಾಗತೈತಿ, ಹೆಂಗ ಹೇಳಲ್ರಿ ಅಮ್ಮಾರ, ಅಂತ ಅತ್ತಳು. ಮೂರು ವರ್ಷ ಆಕಿ ನೋವು ನುಂಗ್ಯಾಳ, ಇಂವ ಸಿಟ್ಟು ನುಂಗ್ಯಾನ. ನಡಮನ್ಯಾಗ ಅತ್ತಿ, ಮಕ್ಕಳು. ಮಾತಾಡಾಕ ಮನ್ಯಾಗ ಒಂದು ಮೂಲಿ ಇಲ್ಲ."

ಅಭಿಲಾಷೆ ಬತ್ತಿದ್ದಲ್ಲ, ನೋವಿಗೆ ಹೆದರಿ ಅಡಗಿ ಕುಳಿತದ್ದು. ಆ ಸೂಜಿಯನ್ನು ಚುಚ್ಚಿಸಿದ್ದರೆ ಏನಾಗುತ್ತಿತ್ತು? ಓಕರಿಕೆಯ ಮೇಲೆ ನೋವು, ನೋವಿನ ಮೇಲೆ ಗಂಡನ ಹೊಸ ನಿರೀಕ್ಷೆ. ಒಂದು ಪಕ್ಷಕ್ಕೆ ರಕ್ತದೊತ್ತಡ ಏರಿ ಕೇಡಾಗಿದ್ದರೆ, ಶಕ್ತಿಯ ಸೂಜಿ ಎಂದೇ ತಿಳಿದ ಆಕೆ ಡಾಕ್ಟರರಿಗೆ ಏನೆಂದು ಹೇಳಬೇಕು?

ನವನಗರದ ನಮ್ಮ ಶಿಷ್ಯನ ಸಲಹೆಯಂತೆ ಅವರಿಬ್ಬರೂ ಒಬ್ಬ ಸ್ತ್ರೀರೋಗತಜ್ಞೆಯನ್ನು ಕಂಡರು. ಆ ತಾಯಿ ಗಂಡನನ್ನು ಹೊರಗೆ ಕೂಡ್ರಿಸಿ ಅವಳೊಬ್ಬಳೊಡನೆ ಅರ್ಧ ತಾಸು ಮಾತಾಡಿದರಂತೆ. ಹೊಲಿಗೆಯ ಗಾಯ ಗಂಟುಗಟ್ಟಿ ಮಾಯ್ದಿತ್ತು. ರಕ್ತವೂ ಬಹಳ ಕಡಿಮೆಯಿತ್ತು. ಚಿಕ್ಕದೊಂದು ಚಿಕಿತ್ಸೆ, ಮುಲಾಮು, ಸ್ನಾಯು ಸಡಿಲಿಸುವ ವ್ಯಾಯಾಮ, ಕಬ್ಬಿಣಾಂಶದ ಗುಳಿಗೆ. ಆಮೇಲೆ ಗಂಡನನ್ನು ಒಳಗೆ ಕರೆದು, ನಾಲ್ಕು ತಿಂಗಳು ಯಾವದಕ್ಕೂ ಅವಸರಪಡಬಾರದೆಂದು ಅವನಿಗೇ ಪಥ್ಯ ಹೇಳಿದರಂತೆ. ಅವನು ಅಂಗಡಿಯ ಮೇಲಿನ ಅಟ್ಟವನ್ನು ತೆರವು ಮಾಡಿಸಿ, ಗೋಡೆಗೆ ಸುಣ್ಣ ಹೊಡೆಸಿ, ಮಲಗುವ ಕೋಣೆ ಮಾಡಿದ್ದಾನೆ. ಸೂಜಿಯ ಸುಳ್ಳು ಹೇಳಹೊರಟಿದ್ದ ಸಂಗತಿಯನ್ನು ಹೆಂಡತಿಗೆ ತಾನೇ ಹೇಳಿದನಂತೆ. ಆಕೆ ಎರಡು ದಿವಸ ಮಾತು ಬಿಟ್ಟಳಂತೆ. ಮೂರನೆಯ ದಿವಸ ಇಬ್ಬರೂ ಕೂಡಿಯೇ ನಮ್ಮ ಮನೆಗೆ ಬಂದು ಊಟ ಮಾಡಿಕೊಂಡು ಹೋದರು. ಮುಂದಿನದು ಅವರ ಮನೆಯ ಮಾತು. ಇಷ್ಟನ್ನಾದರೂ ಅವರಿಬ್ಬರ ಒಪ್ಪಿಗೆ ಪಡೆದು, ಗುರುತು ಹತ್ತದಂತೆ ಒಂದೆರಡು ವಿವರ ಬದಲಿಸಿ ಬರೆದಿದ್ದೇವೆ.

ಸೀಸೆಯನ್ನು ನಾಶಪಡಿಸಲೆಂದು ಡಾಕ್ಟರನ ಕೈಗೆ ಒಪ್ಪಿಸಿ ಬಂದ ದಿವಸ, ಊಟಕ್ಕೆ ಕುಳಿತಾಗ, ಎಷ್ಟು ಸಾವಿರ ರೂಪಾಯಿ ಮಣ್ಣುಪಾಲಾಯಿತೆಂದು ನಾವು ಶಿಷ್ಯನ ತಿಳಿಗೇಡಿತನವನ್ನು ಕುರಿತು ಸ್ವಲ್ಪ ಉಪನ್ಯಾಸ ಮಾಡಿದೆವು. ಮನೆಯವರು ರೊಟ್ಟಿ ಬಡಿಸುತ್ತ ಕೇಳಿದರು. ಆಮೇಲೆ ಒಗ್ಗರಣೆಗೆಂದು ನಾಗಂದಿಗೆಯ ಮೇಲಿನಿಂದ ಒಂದು ತಗಡಿನ ಡಬ್ಬಿಯನ್ನು ತೆಗೆದು, ಅದರೊಳಗಿನ ಸಾಸಿವೆಯನ್ನು ಅಂಗೈಗೆ ಸುರುವಿಕೊಂಡು, ಡಬ್ಬಿಯನ್ನು ನಮ್ಮ ತಾಟಿನ ಪಕ್ಕದಲ್ಲಿ ಇಟ್ಟರು. ಬಣ್ಣ ಹೋಗಿತ್ತು; ಆದರೂ ಮುಚ್ಚಳದ ಮೇಲಿನ ಕುದುರೆಯ ಚಿತ್ರವನ್ನು ನಾವು ಕೂಡಲೆ ಗುರುತಿಸಿದೆವು.

"ಭಸ್ಮಾನ ನಾ ಆವತ್ತ ಬಚ್ಚಲಕ್ಕ ಸುರುವಿದ್ನಿ," ಎಂದರು. "ಡಬ್ಬಿ ಗಟ್ಟಿ ಇತ್ತು, ಇಟಗೊಂಡ್ನಿ."